ಖಾಲಿ ಗುಡಿಗೆ ಬೆನ್ನು ಹಾಕದವಳು

ಹುಲ್ಲು ಕೀಳುವುದಕ್ಕೂ ಒಂದು ಪದ್ಧತಿ ಇರುತ್ತದೆ. ಕುಕ್ಕರುಗಾಲಲ್ಲಿ ಕೂತು, ಎಡಗೈಯನ್ನು ಮೊಣಕಾಲಿಗೆ ಆನಿಸಿ, ಬಲಗೈಯಲ್ಲಿ ಕಳೆ ತೆಗೆಯುವ ಕುರ್ಚಿಗಿ ಹಿಡಿದು, ಮುಂದ ಮುಂದಕ್ಕೆ ಸರಿಯುತ್ತ ಹೋಗಬೇಕು. ಹಂಪಿಯ ವಿಠ್ಠಲನ ಗುಡಿಯ ಅಂಗಳದಲ್ಲಿ ಹನ್ನೆರಡು ಹೆಣ್ಣುಮಕ್ಕಳು ಹೀಗೆ ಸಾಲಾಗಿ ಮುಂದೆ ಸರಿಯುತ್ತಿದ್ದರೆ, ಒಬ್ಬಾಕೆ ಮಾತ್ರ ಹಿಂದ ಹಿಂದಕ್ಕೆ ಸರಿಯುತ್ತಿದ್ದಳು. ಒಂದು ದಿನ ಹಾಗೆ ಸರಿಯುತ್ತ ಸರಿಯುತ್ತ ಹಿಂದಿದ್ದ ಕಲ್ಲಿಗೆ ಸೊಂಟ ಬಡಿಸಿಕೊಂಡಳು. ನನಗೆ ಸಿಟ್ಟು ಬಂತು. ಏಟಾದರೆ ಗುತ್ತಿಗೆದಾರ ಹಿಡಿಯುವುದು ನನ್ನನ್ನೇ.

“ಏನವ್ವಾ, ನಿನಗ ಕಣ್ಣು ಬೆನ್ನಾಗ ಅದಾವೇನು? ಎಲ್ಲಾರಂಗ ಮುಂದ ಸರಿಯಾಕ ಏನ್ ಧಾಡಿ?” ಎಂದೆ.

“ಮುಂದ ಸರದ್ರ ಗರ್ಭಗುಡಿಗೆ ಬೆನ್ನಾಗ್ತೈತ್ರಿ ರೈಟ್ರೇ.”

“ಗರ್ಭಗುಡ್ಯಾಗ ಏನೈತಿ? ಬಾವಲಿ ಅದಾವು. ದೇವರು ಹೋಗಿ ಎಷ್ಟು ತಲಿಮಾರು ಆತು.”

“ಅದನ್ನ ನಾನೂ ಹೇಳಾದು. ಹೋದಾತ ಯಾವಾಗ ಬರ್ತೀನಿ ಅಂತ ಹೇಳಿ ಹೋಗಿಲ್ಲ. ಬಂದಾಗ ಮೊದಲ ಕಾಣಾದು ನನ್ನ ಬೆನ್ನಾಗಬೇಕೇನ್ರಿ?”

ಉಳಿದ ಹೆಣ್ಣುಮಕ್ಕಳು ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಆಕೆ ನಗಲಿಲ್ಲ, ಸೊಂಟ ಉಜ್ಜಿಕೊಂಡು ಮತ್ತೆ ಹಿಂದಕ್ಕೇ ಸರಿಯತೊಡಗಿದಳು.

ನಾನು ಆಗ ಅಲ್ಲಿ ಹಾಜರಿ ಬರೆಯುತ್ತಿದ್ದೆ. ಗುಡಿಯ ಅಂಗಳ, ಹೊರಗಿನ ಹುಲ್ಲುಹಾಸು ಇವನ್ನೆಲ್ಲ ನೋಡಿಕೊಳ್ಳುವ ಗುತ್ತಿಗೆ ಹಿಡಿದವನು ಗಾದಿಗನೂರಿನವನು. ತನ್ನೂರಿನ ಹೆಣ್ಣುಮಕ್ಕಳನ್ನೇ ಬೆಳಿಗ್ಗೆ ಟೆಂಪೋದಲ್ಲಿ ತುಂಬಿಕೊಂಡು ಬಂದು, ಸಂಜೆ ಮತ್ತೆ ತುಂಬಿಕೊಂಡು ಹೋಗುತ್ತಿದ್ದ. ಹೊಸಪೇಟೆಯಿಂದ ಸೈಕಲ್ ಮೋಟಾರಿನಲ್ಲಿ ಬಂದು, ಮರದ ನೆರಳಲ್ಲಿ ಕೂತು, ಯಾರು ಬಂದರು ಯಾರು ಬರಲಿಲ್ಲ ಎಂದು ಬರೆಯುವುದು ನನ್ನ ಕೆಲಸ. ಅದಕ್ಕೇ ಎಲ್ಲರೂ ನನ್ನನ್ನು ರೈಟ್ರು ಎನ್ನುತ್ತಿದ್ದರು. ಪಿಯುಸಿ ಫೇಲಾಗಿದ್ದರೂ ಕನ್ನಡದಲ್ಲಿ ಮಾತ್ರ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗಿತ್ತು. ಆ ಜಂಬವೇ ಮುಂದೆ ಎಲ್ಲವನ್ನೂ ಕೆಡಿಸಿತು.

ಆಕೆ ನನಗಿಂತ ಹದಿನೈದು ವರ್ಷ ದೊಡ್ಡವಳು. ಗಂಡ ಲಾರಿ ಕ್ಲೀನರ್. ಸಂಡೂರಿನ ಗಣಿಗಳಿಗೆ ಲಾರಿಗಳು ಸಾಲುಗಟ್ಟಿ ಓಡುತ್ತಿದ್ದ ಕಾಲದಲ್ಲಿ, ಅದಿರು ತುಂಬಿಕೊಂಡು ನಾಳೆ ಬರುತ್ತೇನೆಂದು ಹೋದವನು ಬರಲಿಲ್ಲ. ಸತ್ತ ಸುದ್ದಿಯೂ ಬರಲಿಲ್ಲ. ಇನ್ನೊಂದು ಮನೆ ಮಾಡಿಕೊಂಡಿದ್ದಾನೆ ಎಂದು ಮರಿಯಮ್ಮನಹಳ್ಳಿಯ ಕಡೆಯವರು ಯಾರೋ ಹೇಳಿದ್ದರಂತೆ. ಇದ್ದೊಬ್ಬ ಮಗಳನ್ನು ಕಂಪ್ಲಿಗೆ ಕೊಟ್ಟಮೇಲೆ ಮನೆಯಲ್ಲಿ ಈಕೆ ಒಬ್ಬಳೇ. “ರಾತ್ರಿ ಮಾತಾಡಾಕ ಯಾರಿಲ್ರಿ. ಅದಕ್ಕ ಹಗಲಾಗ ಅಷ್ಟೂ ಮಾತಾಡಿ ಮುಗಸ್ತೀನಿ” ಎಂದು ಆಕೆಯೇ ಹೇಳುತ್ತಿದ್ದಳು.

ಆ ಮಾತೆಲ್ಲ ದಾಸರ ಕಥೆಗಳು. ಓದು ಬರಹ ಬಾರದ ಈಕೆಗೆ ಇಷ್ಟೆಲ್ಲ ಹೇಗೆ ಗೊತ್ತು ಎಂದು ಕೇಳಿದರೆ, ಚಿಕ್ಕವಳಿದ್ದಾಗ ಒಬ್ಬ ದಾಸಯ್ಯ ಸುಗ್ಗಿಯಲ್ಲಿ ಅವರ ಹೊಲದ ಕಣಕ್ಕೆ ಬಂದು ವಾರಗಟ್ಟಲೆ ಉಳಿದು ಹೇಳುತ್ತಿದ್ದನಂತೆ. ಹುಲ್ಲು ಕೀಳುತ್ತ ಕೀಳುತ್ತ ಒಬ್ಬೊಬ್ಬ ದಾಸರ ಜೀವನವನ್ನು ನೆರೆಮನೆಯವರ ಸುದ್ದಿಯಂತೆ ಹೇಳುತ್ತಿದ್ದಳು. ಯಾರು ಯಾವ ಮಂಟಪದಲ್ಲಿ ಕೂಡುತ್ತಿದ್ದರು, ಯಾರಿಗೆ ಹೊಳೆ ನೀರು ಒಗ್ಗುತ್ತಿರಲಿಲ್ಲ, ಯಾರ ಮೇಲೆ ದೇವರು ಮುನಿಸಿಕೊಂಡಿದ್ದ, ಎಲ್ಲ ಕಣ್ಣಿಂದ ಕಂಡವಳಂತೆ. ಮೂಗುತಿಯ ಕಥೆ ಎಲ್ಲರಿಗೂ ಗೊತ್ತಿರುವುದೇ. ಜಿಪುಣ ಸಾಹುಕಾರನ ಹೆಂಡತಿ ಗಂಡನಿಗೆ ಕಾಣದಂತೆ ಮೂಗುತಿ ಬಿಚ್ಚಿ ಬಡವನಿಗೆ ದಾನ ಕೊಟ್ಟಳು, ಆ ಬಡವ ದೇವರೇ ಆಗಿದ್ದ, ಸಾಹುಕಾರ ದಾಸನಾದ. ನಾವೆಲ್ಲ ಅಲ್ಲಿಗೆ ಕೈಮುಗಿದು ಮುಗಿಸುತ್ತೇವೆ. ಈಕೆ ಅಲ್ಲಿಂದ ಜಗಳ ತೆಗೆಯುತ್ತಿದ್ದಳು.

“ಮೂಗುತಿ ಕೊಟ್ಟಾಕಿ ಯಾರು? ಅಕಿ. ದಾಸ ಆದಾತ ಯಾರು? ಆತ. ಆತನ ಹಾಡು ಊರ ತುಂಬ ಅದಾವು. ಅಕಿದು ಒಂದರ ಹಾಡು ಐತೇನ್ರಿ ರೈಟ್ರೇ? ಅಡಗಿಮನ್ಯಾಗ ಅಕಿ ಬಾಯಿ ಹೊಲಕೊಂಡು ಕುಂತಿದ್ಲಂತ ಮಾಡೀರೇನು?”

“ಮೊದಲ ಆ ಮೂಲಿ ಹುಲ್ಲು ಕೀಳು” ಎಂದು ಗದರಿ ತಪ್ಪಿಸಿಕೊಳ್ಳುತ್ತಿದ್ದೆ.

ದೇವರು ಈ ಗುಡಿ ಬಿಟ್ಟು ಹೋದದ್ದಕ್ಕೆ ನಮ್ಮ ಕಡೆ ಒಂದು ಕಥೆ ಹೇಳುತ್ತಾರೆ. ಅರಸರು ಅಷ್ಟು ದೊಡ್ಡ ಗುಡಿ ಕಟ್ಟಿಸಿಕೊಟ್ಟರೆ ಆತನಿಗೆ ಅದು ತೀರ ದೊಡ್ಡದೆನಿಸಿ, ತನ್ನ ಹಳೆಯ ಸಣ್ಣ ಮನೆಗೇ ಹೋಗಿಬಿಟ್ಟನಂತೆ. ಈ ಕಥೆ ಬಂತೆಂದರೆ ಆಕೆಗೆ ಸಿಟ್ಟು. “ನನಗ ಒಂದಂಕಣದ ಮನಿ ಸಾಲವಲ್ದು. ಇವನ ಸೊಕ್ಕು ನೋಡ್ರಿ, ದೊಡ್ಡದಾತಂತ!” ಎಂದು ಗರ್ಭಗುಡಿಯ ಕಡೆಗೆ ಕುರ್ಚಿಗಿ ತೋರಿಸುತ್ತಿದ್ದಳು. ಆ ಸಿಟ್ಟಿನಲ್ಲೇ ಹಾಡು ಹುಟ್ಟುತ್ತಿದ್ದವು. ಹೌದು, ಆಕೆ ಹಾಡು ಕಟ್ಟುತ್ತಿದ್ದಳು. ಮೊದಲ ಸಲ ಕೇಳಿದಾಗ ಎಲ್ಲಿಯೋ ಕಲಿತದ್ದಿರಬೇಕು ಎಂದುಕೊಂಡೆ. ಕಿವಿಗೊಟ್ಟೆ:

ಮನಿ ಕಟ್ಟಿಸಿಕೊಂಡ ಮ್ಯಾಲೆ ಮನಿ ಬಿಟ್ಟು ಹೋಗೂದೇನೋ
ಕದಾ ಇಲ್ಲದ ಮನಿಯ ಕಾಯ್ತ ನಾ ಇಲ್ಲಿರೂದೇನೋ

ಅದರ ಕೊನೆಯ ನುಡಿ ಹೀಗಿತ್ತು:

ಬಂದ್ರ ಹಿತ್ತಲ ಕಡಿಂದ ಬಾರೋ, ಮುಂದ ಟಿಕೀಟು ಕೇಳ್ತಾರೋ

ಟಿಕೀಟು ಎಂದು ಕೇಳಿದ ಮೇಲೆಯೇ ಇದು ಯಾವ ಹಳೆಯ ದಾಸರದೂ ಅಲ್ಲ, ಆ ಗೇಟಿನೊಳಗೆ ದಿನಾ ಕೂಲಿಗೆ ಬರುವವಳದು ಎಂದು ನನಗೆ ಖಾತ್ರಿಯಾದದ್ದು. ಮೈ ಜುಂ ಎಂದಿತು. ಹಾಜರಿ ಹಾಳೆಯ ಹಿಂದೆ ಬರೆದುಕೊಂಡೆ. ಆದರೆ ಆ ನುಡಿಯ ಕೊನೆಯ ಸಾಲು ಸಿಗಲಿಲ್ಲ. ಅಲ್ಲಿಗೆ ಬಂದಾಗ ಆಕೆ ಬಾಯಿ ಮುಚ್ಚಿ, ಮೂಗಿನಲ್ಲೇ ಹೂಂಹೂಂ ಎಂದು ಧಾಟಿ ಮಾತ್ರ ಎಳೆದು ಮುಗಿಸಿದಳು. ಎಲ್ಲ ಹಾಡಿನದೂ ಅದೇ ಕಥೆ.

“ಕೊನೀ ಸಾಲು ಯಾಕ ನುಂಗ್ತಿ?” ಎಂದು ಕೇಳಿದೆ.

“ಅಲ್ಲಿ ಅಂಕಿತ ಬರಬೇಕ್ರಿ. ಅದನ್ನ ನಾವ ಇಟ್ಟುಕೊಳ್ಳಾಂಗಿಲ್ಲ, ಗುರುಗಳು ಕೊಡಬೇಕು. ನನಗ ಯಾರು ಕೊಟ್ಟಾರ? ಕೊಡೋತನಕ ಜಾಗ ಹಿಡದು ಇಟ್ಟೀನಿ.”

ದಾಸರ ಹಾಡು ಕೇಳಿದವರಿಗೆಲ್ಲ ಅಂಕಿತ ಗೊತ್ತು. ಹಾಡಿನ ಕೊನೆಗೆ ಬರುವ ಆ ಹೆಸರು ದೇವರದೂ ಹೌದು, ಹಾಡು ಕಟ್ಟಿದವರ ಗುರುತೂ ಹೌದು. ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿಯುವಂತೆ ಈಕೆ ತನ್ನ ಹನ್ನೊಂದು ಹಾಡಿನಲ್ಲೂ ಆ ಜಾಗ ಹಿಡಿದಿಟ್ಟಿದ್ದಳು. ಮಗಳ ಮದುವೆ ಆಯಿತು, ಮನೆಗೆ ತಗಡು ಹೊದಿಸಿದ್ದಾಯಿತು, ಇನ್ನು ಆಸೆ ಎಂದರೆ ಇದೊಂದೇ ಎಂದಳು. ಯಾರಾದರೂ ದೊಡ್ಡವರು ತನ್ನನ್ನು ದಾಸರ ಸಾಲಿನಲ್ಲಿ ಸೇರಿಸಿಕೊಳ್ಳಬೇಕು, ಆತ ಬಂದರೂ ಬರದಿದ್ದರೂ ತಾನು ಆತನವಳೆಂದು ಗೊತ್ತಾಗಬೇಕು, ಅಷ್ಟೇ. ಗಂಡ ಬಿಟ್ಟು ಹೋದ ಹೆಂಗಸು ಈ ಮಾತು ಹೇಳಿದ ಮೇಲೆ ನಾನು ಉಳಿದ ಹಾಡುಗಳನ್ನೂ ಒಂದೊಂದಾಗಿ ಹಾಜರಿ ಹಾಳೆಗಳ ಹಿಂದೆ ಬರೆದುಕೊಂಡೆ.

ಹೊಸಪೇಟೆಯಲ್ಲಿ ನಮ್ಮ ಭಾವ ಒಂದು ಭಜನಾ ಮಂಡಳಿಯ ಅಧ್ಯಕ್ಷರು. ಅಕ್ಕನ ಗಂಡ, ಹಿರಿಯರು, ನನಗೆ ಈ ಕೆಲಸ ಕೊಡಿಸಿದವರೂ ಅವರೇ. ಮಂಡಳಿಯಿಂದ ಹಾಡಿನ ಪುಸ್ತಕ ಮಾಡಲು ಹೊರಟಿದ್ದರು. ನಾನು ಹಾಜರಿ ಹಾಳೆಗಳನ್ನು ಒಯ್ದು ತೋರಿಸಿದೆ. ಭಾವ ಓದಿದರು, ತಲೆದೂಗಿದರು, ಕೊನೆಯ ಸಾಲಿಗೆ ಬಂದು ನಿಂತರು.

“ಅಂಕಿತ ಎಲ್ಲೈತೋ? ಅಂಕಿತ ಇಲ್ಲದ ಹಾಡು ನಮ್ಮ ಮಂಡಳ್ಯಾಗ ಹಾಡಂಗಿಲ್ಲ, ನಿನಗ ಗೊತ್ತಿಲ್ಲೇನು? ಯಾರ್ದಂತ ನೋಡಿ ಹಾಕ್ಕೊಂಡ್ ಬಾ. ಡಿಟಿಪಿಯವ ನಾಳೆ ಕೇಳ್ತಾನ.”

ಆಗ ನಾನು ಬಾಯಿಬಿಟ್ಟು, ಇದು ನಮ್ಮ ಹುಲ್ಲು ಕೀಳುವಾಕೆಯದು ಎನ್ನಬಹುದಿತ್ತು. ಎಂದರೆ ಭಾವ ಹಾಳೆಗಳನ್ನು ಮಡಿಚಿ ವಾಪಸು ಕೊಡುತ್ತಾರೆಂದು ಗೊತ್ತಿತ್ತು. ಇಷ್ಟು ಚಂದದ ಹಾಡು ಆ ಹುಲ್ಲಿನಲ್ಲೇ ಕೊಳೆಯಬಾರದು, ಹೇಗಾದರೂ ಅಚ್ಚಾಗಲಿ, ಆಕೆಗೆ ಅಂಕಿತ ಸಿಕ್ಕಮೇಲೆ ಮುಂದಿನ ಮುದ್ರಣದಲ್ಲಿ ಸರಿಮಾಡಿದರಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮನೆಗೆ ಬಂದು ಕೂತು, ಹನ್ನೊಂದು ಹಾಡಿಗೂ ಒಬ್ಬ ಹಳೆಯ ದೊಡ್ಡ ದಾಸರ ಅಂಕಿತ ಹಾಕಿದೆ. ಅಷ್ಟಕ್ಕೇ ಬಿಟ್ಟೆನೇ? ನನ್ನ ಜಂಬ ಕೇಳಬೇಕಲ್ಲ. ಆಕೆಯ ಮಾತನ್ನೂ ತಿದ್ದಿದೆ. ‘ಮನಿ ಬಿಟ್ಟು ಹೋಗೂದೇನೋ’ ಎಂಬುದು ‘ಮನೆಯ ತೊರೆದು ಪೋಪರೇ’ ಆಯಿತು. ಟಿಕೀಟು ಕೇಳುವವರು ‘ದ್ವಾರಪಾಲಕರು ತಡೆವರು’ ಆದರು. ಬರೆದು ಮುಗಿಸಿ, ಎಂಥ ಉಪಕಾರ ಮಾಡಿದೆ ಎಂದು ಬೀಗಿದೆ. ಈಗ ನೆನೆದರೆ ನನ್ನ ಕೈಗೆ ನಾನೇ ಬರೆ ಹಾಕಿಕೊಳ್ಳಬೇಕು ಎನಿಸುತ್ತದೆ.

ಪುಸ್ತಕ ಬಂದಾಗ ಒಂದು ಪ್ರತಿ ಆಕೆಗೆ ಕೊಟ್ಟೆ. “ನಿನ್ನ ಹಾಡು ಅಚ್ಚಾಗ್ಯಾವು ನೋಡವ್ವಾ” ಎಂದೆ. ಅಂಕಿತದ ಮಾತೆತ್ತಲಿಲ್ಲ. ಆಕೆ ಕೈಯ ಮಣ್ಣನ್ನು ಸೀರೆಗೆ ಒರೆಸಿಕೊಂಡು ಹಾಳೆ ತಿರುವಿದಳು, ಅಕ್ಷರದ ಮೇಲೆ ಬೆರಳಾಡಿಸಿದಳು. “ಇವು ನಾನಾ?” ಎಂದಳು. ಇವು ನನ್ನವಾ ಎನ್ನಲಿಲ್ಲ. ಆ ದಿನವೆಲ್ಲ ಪುಸ್ತಕ ಸೊಂಟಕ್ಕೆ ಸಿಕ್ಕಿಸಿಕೊಂಡೇ ಕೆಲಸ ಮಾಡಿದಳು. ಎಲ್ಲರಿಗೂ ಒಂದೊಂದು ಬಾಳೆಹಣ್ಣು ಕೊಡಿಸಿದಳು.

ಮುಂದಿನ ವರ್ಷ ಮಂಡಳಿಗೆ ಒಬ್ಬ ಹಿರಿಯರು ಬಂದರು. ದಾಸರ ಪರಂಪರೆಯವರು, ಅಂಕಿತ ಕೊಡುವ ಅಧಿಕಾರ ಇದ್ದವರು, ಭಾಳ ಮೃದು ಮನುಷ್ಯ. ಯಾರಾದರೂ ಹಾಡು ಕಟ್ಟುವವರಿದ್ದರೆ ಕರೆತನ್ನಿ, ಕೇಳಿ ನೋಡುತ್ತೇನೆ ಎಂದಿದ್ದರು. ನಾನು ಗಾದಿಗನೂರಿಗೆ ಓಡಿದೆ. “ಹೊಸ ಹಾಡು ಹೇಳು, ಪುಸ್ತಕದಾಗಿರೂದು ಬ್ಯಾಡ” ಎಂದು ಎರಡೆರಡು ಸಲ ಹೇಳಿದೆ. ಯಾಕೆಂದು ಮಾತ್ರ ಹೇಳಲಿಲ್ಲ.

ಮಧ್ಯಾಹ್ನ ಮೂರು ಗಂಟೆ. ಮಂಡಳಿಯ ಹಾಲಿನಲ್ಲಿ ನಲವತ್ತು ಹೆಣ್ಣುಮಕ್ಕಳು ಕೂತಿದ್ದರು. ಆಕೆ ಹಸಿರು ಸೀರೆಯುಟ್ಟು, ತೆಂಗಿನಕಾಯಿ ಹಿಡಿದು, ಉಗುರಿನ ಸಂದಿಯ ಮಣ್ಣು ಹೋಗುವಂತೆ ಕೈ ಉಜ್ಜಿಕೊಂಡು ಬಂದಿದ್ದಳು. ಹಿರಿಯರು, “ನೀವು ಕಟ್ಟಿದ್ದು ಒಂದು ಹೇಳಿಯಮ್ಮ” ಎಂದರು. ಹೆದರಿದವರು ಗೊತ್ತಿದ್ದ ದಾರಿಯನ್ನೇ ಹಿಡಿಯುತ್ತಾರಲ್ಲ, ಹಾಗೆ ಆಕೆ ಆ ಹಾಡನ್ನೇ ಎತ್ತಿಕೊಂಡಳು. ಮನಿ ಕಟ್ಟಿಸಿಕೊಂಡ ಮ್ಯಾಲೆ.

ಮೊದಲ ಸಾಲನ್ನು ಮತ್ತೊಮ್ಮೆ ಎತ್ತಿದಾಗ ಮುಂದೆ ಕೂತವರು ದನಿಗೂಡಿಸಿದರು. ಆಕೆ ಕಣ್ಣು ಬಿಟ್ಟು ನೋಡಿದಳು. ಮುಖ ಅರಳಿತು. ತನ್ನ ಹಾಡು ಇಷ್ಟು ಜನಕ್ಕೆ ಬರುತ್ತದೆ ಎಂದು ಆಕೆಗೆ ಹೇಗೆ ಗೊತ್ತು? ಆಕೆ ಹೋಗೂದೇನೋ ಎಂದರೆ ಇವರು ಪೋಪರೇ ಎಂದರು. ಆಕೆ ಟಿಕೀಟು ಎಂದಾಗ ಯಾರೋ ಕಿಸಕ್ಕೆಂದರು. ಕೊನೆಯ ಸಾಲು ಬಂತು. ಆಕೆ ಬಾಯಿ ಮುಚ್ಚಿದಳು. ನಲವತ್ತು ಗಂಟಲು ಒಟ್ಟಿಗೆ ಆ ದಾಸರ ಅಂಕಿತ ಹೇಳಿ, ತಾಳ ತಟ್ಟಿ ಹಾಡು ಮುಗಿಸಿದವು.

ಭಾವ ಎದ್ದು ನಿಂತು, “ಯವ್ವಾ, ಇದು ದಾಸರದು. ನಮ್ಮ ಪುಸ್ತಕದಾಗ ಐತಿ. ನೀ ತಪ್ಪು ತಪ್ಪು ಕಲ್ತಿ. ಗುರುಗಳು ಕೇಳಿದ್ದು ನಿಂದು” ಎಂದರು. ಹಿಂದಿನಿಂದ ಒಂದು ಹೆಣ್ಣು ದನಿ, “ದಾಸರ ಹಾಡು ತನ್ನದಂತ ಹೇಳಾಕ ಬಂದಾಳ, ಎಷ್ಟು ಧೈರ್ಯ ನೋಡು” ಎಂದಿತು.

ಆಕೆ ನನ್ನ ಕಡೆ ನೋಡಿದಳು. ಸಿಟ್ಟಿನಿಂದಲ್ಲ. ಅರ್ಥವಾಗದೆ, ನೀವಾದರೂ ಹೇಳಿರಿ ಎಂಬಂತೆ ನೋಡಿದಳು. ನಾನು ಏಳಬೇಕಿತ್ತು. ಒಂದೇ ಮಾತು ಸಾಕಿತ್ತು. ಭಾವನ ಮುಖ ಕಂಡಿತು, ಪುಸ್ತಕದ ಮೇಲೆ ಸಂಪಾದಕ ಎಂದು ಅಚ್ಚಾಗಿದ್ದ ನನ್ನ ಹೆಸರು ಕಣ್ಣಿಗೆ ಬಂತು. ನಾನು ತಲೆ ತಗ್ಗಿಸಿ ಚಾಪೆಯ ಕಡ್ಡಿ ಕೀಳುತ್ತ ಕೂತೆ.

ಆಕೆ ಹಿರಿಯರ ಕಡೆ ತಿರುಗಿದಳು. “ಹೌದ್ರೀ ಯಪ್ಪಾ. ದಾಸರಪ್ಪಂದ. ನಾ ಕಲ್ತು ಹೇಳಿದೆ.”

“ನಿಮ್ಮದು ಬೇರೆ ಇದೆಯೇನಮ್ಮ?”

“ಇಲ್ರಿ. ನನ್ನವು ಯಾವೂ ಇಲ್ರಿ.”

ಹಿರಿಯರು ಒಂದು ಹಣ್ಣು ಕೊಟ್ಟು ಅಕ್ಷತೆ ಹಾಕಿದರು. ಆಕೆ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಗೆ ನಡೆದಳು.

ಬಸ್ ಸ್ಟ್ಯಾಂಡಿನವರೆಗೆ ಬೆನ್ನು ಹತ್ತಿ ಹೋದೆ. ಕಲ್ಲಿನ ಬೆಂಚಿನ ಮೇಲೆ ಕೂತಿದ್ದಳು. ನಾನು ಏನೇನೋ ಬಡಬಡಿಸಿದೆ. ಮುಂದಿನ ಮುದ್ರಣ, ಸರಿ ಮಾಡುತ್ತೇನೆ, ನಿನ್ನ ಒಳ್ಳೇದಕ್ಕೇ ಅಂದುಕೊಂಡಿದ್ದೆ. ಆಕೆ ತಡೆದಳು.

“ಇರ್ಲಿ ಬಿಡ್ರಿ. ನಾ ಹಂಗ ಅನ್ನದಿದ್ರ ಅಷ್ಟು ಮಂದ್ಯಾಗ ನಿಮ್ಮ ಮರ್ಯಾದಿ ಹೋಗ್ತಿತ್ತು. ಹೆಂಡ್ತಿ ಮಕ್ಕಳು ಇದ್ದೋರು ನೀವು.” ಬಸ್ಸು ಬಂತು. ಎದ್ದು, ಹತ್ತುವ ಮುಂಚೆ ಹೇಳಿದಳು: “ಒಂದ್ ಮಾತು ನನ್ನ ಕೇಳಬೇಕಿತ್ರಿ ರೈಟ್ರೇ. ಖಾಲಿ ಇಟ್ಟಿದ್ದೆ ಅಂದ್ರ ಮರ್ತು ಬಿಟ್ಟಿದ್ದೆ ಅಂತಲ್ಲ.”

ಮರುದಿನ ಟೆಂಪೋದಲ್ಲಿ ಎಂದಿನಂತೆ ಬಂದಳು. ಗರ್ಭಗುಡಿಗೆ ಮುಖ ಮಾಡಿ ಹಿಂದಕ್ಕೆ ಸರಿಯುವುದನ್ನು ಬಿಡಲಿಲ್ಲ. ನನ್ನನ್ನು ನಗುನಗುತ್ತಲೇ ಮಾತಾಡಿಸುತ್ತಿದ್ದಳು. ದಾಸರ ಕಥೆಗಳೂ ಇದ್ದವು. ಹಾಡು ಮಾತ್ರ ನಿಂತಿತು. ಒಂದು ದಿನವಲ್ಲ, ಎರಡು ದಿನವಲ್ಲ, ಮಂಡಿ ಹಿಡಿದುಕೊಂಡು ಕೆಲಸ ಬಿಟ್ಟು ಮಗಳ ಮನೆಗೆ ಹೋಗುವವರೆಗಿನ ಆರು ವರ್ಷ. ಪಕ್ಕದಾಕೆ ಬಲವಂತ ಮಾಡಿದರೆ, “ಗಂಟಲು ಒಣಗೇತಿ” ಎನ್ನುತ್ತಿದ್ದಳು. ಅಂಗಳದಲ್ಲಿ ಕುರ್ಚಿಗಿಯ ಸದ್ದು ಬಿಟ್ಟರೆ ಏನೂ ಇರುತ್ತಿರಲಿಲ್ಲ. ನನಗೆ ಆ ಮರದ ನೆರಳು ಬೇಡವಾಯಿತು.

ಈ ನಡುವೆ ಪುಸ್ತಕದ ಎರಡನೆಯ ಮುದ್ರಣ ಬಂತು. ಕರಡು ತಿದ್ದಿದವನು ನಾನೇ. ಆ ಹನ್ನೊಂದು ಪುಟಗಳ ಮೇಲೆ ಒಂದು ವಾರ ಕೂತೆ. ಕಾಗುಣಿತ ತಿದ್ದಿ ಕಳಿಸಿದೆ. ನನ್ನಂಥ ಹೇಡಿ ಇನ್ನೊಬ್ಬ ಸಿಗಲಾರ.

ಕಳೆದ ತಿಂಗಳು ಕಂಪ್ಲಿಯಿಂದ ಮಗಳು ಫೋನು ಮಾಡಿ, ಅವ್ವ ಹೋದಳು ಎಂದಳು. ಸಿಕ್ಕ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಭತ್ತದ ಗದ್ದೆ, ನನಗೆ ಏನೂ ಕಾಣಲಿಲ್ಲ. ಇವತ್ತು ಹೇಳಿಯೇ ಬಿಡಬೇಕು, ಕೊನೆಗೆ ಮಗಳಿಗಾದರೂ ಗೊತ್ತಾಗಬೇಕು ಎಂದು ಗಟ್ಟಿ ಮಾಡಿಕೊಂಡಿದ್ದೆ. ಮನೆ ಮುಂದೆ ಹಂದರದಡಿ, ನಮ್ಮ ಕಡೆಯ ಪದ್ಧತಿಯಂತೆ, ಆಕೆಯ ಹೆಣವನ್ನು ಕೂಡಿಸಿದ್ದರು. ಓಣಿಯ ಭಜನೆಯವರ ಕೈಯಲ್ಲಿ ನಮ್ಮ ಪುಸ್ತಕವೇ ಇತ್ತು. ಮನೆಯ ತೊರೆದು ಪೋಪರೇ ಎಂದು, ಆಕೆಯ ಮುಂದೆಯೇ ಕೂತು, ದಾಸರ ಅಂಕಿತ ಹಾಕಿ ಹಾಡುತ್ತಿದ್ದರು. ಕೇಳಿಕೊಂಡು ಇರಲು ನನ್ನ ಕೈಯಿಂದ ಆಗಲಿಲ್ಲ. ಮಗಳನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿದೆ. ಹಾಜರಿ ಹಾಳೆ, ಅಂಕಿತ, ಚಾಪೆಯ ಕಡ್ಡಿ ಕಿತ್ತಿದ್ದು, ಎಲ್ಲವನ್ನೂ. ಅತ್ತುಬಿಟ್ಟೆ.

ಮಗಳು ಸೆರಗಿನಿಂದ ಕಣ್ಣು ಒರೆಸಿಕೊಂಡು ನನ್ನನ್ನು ದಿಟ್ಟಿಸಿದಳು.

“ಅಣ್ಣಾರ, ನಮ್ಮವ್ವ ಕೂಲಿ ಹೆಣ್ಮಗಳು. ಅಕಿ ಎಲ್ಲಿ ಹಾಡು ಕಟ್ಯಾಳ? ನನಗೂ ಅನುಮಾನ ಬಂದು ಮೊನ್ನೆ ಕೇಳಿದ್ದೆ, ‘ಯವ್ವಾ, ಈ ಹಾಡು ಆಗ ನೀನ ಕಟ್ಟಿದ್ದಿ ಅಲ್ಲ?’ ಅಂತ. ‘ಇಲ್ಲಬೇ, ದಾಸರಪ್ಪನವು, ನಾ ಬರೇ ಹಾಡಿದಾಕಿ’ ಅಂದ್ಲು. ಸಾಯಾಕಿ ಸುಳ್ಳು ಹೇಳ್ತಾಳೇನ್ರಿ?”

ನಾನು ಹಂದರದಡಿ ಕೂಡಿಸಿದ್ದ ಅವ್ವನ ಕಡೆ ನೋಡಿದೆ. ಹಾಡು ಆಕೆಯದೇ ಎಂದರೆ ಸತ್ತವಳನ್ನು ಸುಳ್ಳುಗಾತಿ ಮಾಡಿದಂತೆ. ಅಲ್ಲ ಎಂದರೆ ಎರಡನೆಯ ಸಲ ಕಸಿದುಕೊಂಡಂತೆ. “ಇಲ್ಲವ್ವ. ನನಗ ಮರೆವು ಆಗೇತಿ” ಎಂದೆ. ಅಷ್ಟೇ ನನ್ನ ಕೈಲಾದದ್ದು.

ಮಣ್ಣು ಮಾಡಿ ಬಂದು ಹದಿನೈದು ದಿನವಾದರೂ ನಿದ್ದೆ ಬರಲಿಲ್ಲ. ಇದನ್ನೆಲ್ಲ ಬರೆಯಲು ಕೂತೆ. ಬರೆದು ಮುಗಿಸಿ, ಈ ಸಲವಾದರೂ ಕೇಳಿಯೇ ಮಾಡೋಣವೆಂದು ಕಂಪ್ಲಿಗೆ ಫೋನು ಮಾಡಿ ಪೂರ್ತಿ ಓದಿ ಹೇಳಿದೆ. ಆ ಕಡೆಯಿಂದ ಮಗಳು ಹೇಳಿದಳು:

“ಬರದೀರಿ, ಇರ್ಲಿ ಬಿಡ್ರಿ ಅಣ್ಣಾರ. ಆದ್ರ ನಮ್ಮವ್ವನ ಹೆಸರು ಎಲ್ಲೂ ಹಾಕಬ್ಯಾಡ್ರಿ. ದಾಸರ ಹಾಡು ಕದ್ದಾಕಿ ಅಂತಾರ ಮಂದಿ.”